ಸಾಲಿನ ಕೊನೆಯ ಮೈನಸ್

ಔಷಧದಂಗಡಿಯಲ್ಲಿ ಚೀಟಿ ಓದಿ ಮಾತ್ರೆ ಎಣಿಸಿಕೊಡುವುದು ಅವಳ ಕೆಲಸ. ಡಾಕ್ಟರುಗಳ ಕೋಳಿಕಾಲು ಅಕ್ಷರವನ್ನು ಅವಳಷ್ಟು ಸಲೀಸಾಗಿ ಓದುವವರು ಆ ಬೀದಿಯಲ್ಲಿರಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಅಣ್ಣ ಅವಳನ್ನು ಚುಕ್ಕಿ ಎಂದು ಕರೆದದ್ದು ಎಲ್ಲರ ಬಾಯಲ್ಲೂ ಉಳಿದುಬಿಟ್ಟಿತ್ತು.

ಅಣ್ಣನಿಗೆ ಓದಲು ಪುಸ್ತಕ ಸಿಗುತ್ತಿಲ್ಲವೆಂದೇ ಚುಕ್ಕಿ ಪ್ರೋಗ್ರಾಂ ಬರೆಯಲು ಕಲಿತಳು. ಮಾಮೂಲು ಬರಹವನ್ನು ಬ್ರೈಲ್ ಚುಕ್ಕಿಗಳಾಗಿ ಬದಲಿಸುವ ಅವಳ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಒಳಗೆ ಇಣುಕಿ ತಿದ್ದಿಯೂ ಕಳಿಸಬಹುದು. ಕೊನೆಗೆ ಒಪ್ಪಬೇಕಾದವಳು ಮಾತ್ರ ಅವಳೇ. ಒಂಬತ್ತು ವರ್ಷ ಅದನ್ನು ಸಾಕಿ ಸಲಹಿದರೂ ಯಾರಿಂದಲೂ ಬಿಡಿಗಾಸು ಪಡೆದಿರಲಿಲ್ಲ. ಯಾರೂ ಕೊಡಲು ಬಂದಿರಲಿಲ್ಲ ಅನ್ನುವುದು ಬೇರೆ ಮಾತು.

ಆ ತಂತ್ರಾಂಶಕ್ಕೆ ಕತೆ, ಪಾಠ ಎಲ್ಲ ಬರುತ್ತಿತ್ತು, ಗಣಿತ ಬರುತ್ತಿರಲಿಲ್ಲ. ಅಂಧ ಮಕ್ಕಳ ಶಾಲೆಯ ಲೆಕ್ಕದ ಟೀಚರ್ ಎರಡು ವರ್ಷ ಕೇಳಿ ಕೇಳಿ ಸೋತರು. ಚುಕ್ಕಿಗೆ ಬಿಡುವಿಲ್ಲ, ಬೇರೆಯವರಿಗೆ ಆಸಕ್ತಿಯಿಲ್ಲ. ಕೊನೆಗೆ ಅವರು ಮಕ್ಕಳ ತಂದೆತಾಯಿಯರನ್ನು ಸೇರಿಸಿ ಒಂದು ಮೊತ್ತ ಕೂಡಿಸಿದರು. ಗಣಿತ ಅಚ್ಚಾಗುವಂತೆ ಮಾಡಿಕೊಟ್ಟವರಿಗೆ ಅದು ಬಹುಮಾನ, ಚುಕ್ಕಿ ಒಪ್ಪಿದ ಕೂಡಲೇ ಕೊಡುವುದು ಎಂದು ತಂತ್ರಾಂಶದ ಜಾಲಪುಟದಲ್ಲೇ ಸಾರಿದರು.

ಐದೇ ದಿನಕ್ಕೆ ಬಿರುಗಾಳಿ ಎಂದು ಹೆಸರಿಟ್ಟುಕೊಂಡ ಅಪರಿಚಿತನೊಬ್ಬ ಕೆಲಸ ಮುಗಿಸಿ ಕಳಿಸಿದ. ಅಂದು ಗುರುವಾರ. ಸೋಮವಾರ ಶಾಲೆಯ ಮಕ್ಕಳಿಗೆ ಗಣಿತ ಪರೀಕ್ಷೆ. ಪ್ರಶ್ನೆಪತ್ರಿಕೆ ಶನಿವಾರ ಸಂಜೆ ಐದರೊಳಗೆ ಬ್ರೈಲ್ ಮುದ್ರಣಾಲಯ ಸೇರಬೇಕು.

ಶುಕ್ರವಾರ ಬೆಳಿಗ್ಗೆ ಚುಕ್ಕಿ ಮನೆಯ ಹಳೆಯ ಯಂತ್ರದಲ್ಲಿ ಎರಡು ಹಾಳೆ ಅಚ್ಚು ಹಾಕಿ ಅಣ್ಣನ ಮುಂದಿಟ್ಟಳು. ಅವನ ಬೆರಳುಗಳು ಸರಸರ ಓಡಿ, ಎರಡನೆಯ ಹಾಳೆಯ ನಡುವೆ ನಿಂತವು.

“ಇಲ್ಲಿ ಹನ್ನೆರಡು ಇದೆ, ಕೆಳಗಿನ ಸಾಲಲ್ಲಿ ಐದು ಇದೆ. ಮಧ್ಯೆ ಏನಮ್ಮಾ? ಕೂಡೋದಾ, ಕಳೆಯೋದಾ?”

ಚುಕ್ಕಿ ಮೂಲದ ಜೊತೆ ಹೋಲಿಸಿ ನೋಡಿದಳು. ಮೈನಸ್ ಚಿಹ್ನೆ ಸಾಲಿನ ಕೊನೆಗೆ ಬಂದರೆ ಮಾಯವಾಗುತ್ತಿತ್ತು. ಬೇರೆ ಕಡೆ ಎಲ್ಲ ಸರಿ.

ತಪ್ಪು ಎಲ್ಲಿದೆ ಎಂದು ವಿವರಿಸಿ ಬಿರುಗಾಳಿಗೆ ಬರೆದಳು. ಮಧ್ಯಾಹ್ನ ಉತ್ತರ ಬಂತು, ಅದೂ ಎಲ್ಲರೂ ಓದುವ ಜಾಗದಲ್ಲಿ: “ಹೇಳಿದ ಕೆಲಸ ಮಾಡಿದ್ದೀನಿ. ಬಹುಮಾನ ತಾವೇ ಹೊಡೆಯೋಕೆ ಈಯಮ್ಮ ಅಡ್ಡಗಾಲು ಹಾಕ್ತಿದಾರೆ.”

ಅಷ್ಟು ಹೇಳಿ ಅವನು ಬಾಯಿಗೆ ಬೀಗ ಹಾಕಿಕೊಂಡ. ಅದನ್ನೋದಿದವರು ಚುಕ್ಕಿಯನ್ನೇ ಅನುಮಾನಿಸಿ ಬರೆಯತೊಡಗಿದರು. ಅಂಗಡಿಯಲ್ಲಿ ಗಿರಾಕಿಗಳು ಸಾಲುಗಟ್ಟಿರುವಾಗಲೇ ಟೀಚರ್ ಫೋನು ಬಂತು.

“ಒಂದು ಚಿಹ್ನೆಗೋಸ್ಕರ ಇಷ್ಟೆಲ್ಲ ರಗಳೆ ಯಾಕಮ್ಮಾ? ಒಪ್ಪಿಬಿಡಿ, ಆಮೇಲೆ ಸರಿ ಮಾಡ್ಕೊಂಡ್ರಾಯ್ತು.”

“ಒಂದು ಚಿಹ್ನೆ ಹೋದ್ರೆ ಲೆಕ್ಕವೇ ಹೋಯ್ತು ಮೇಡಂ. ಮಕ್ಕಳು ಫೇಲಾದ ಮೇಲೆ ಸರಿ ಮಾಡೋದಾ?”

“ಪತ್ರಿಕೆ ಬರದೇ ಹೋದ್ರೆ ಪರೀಕ್ಷೆಗೇ ಕೂರಲ್ಲ ಅವು! ಜನ ಏನು ಮಾತಾಡ್ತಿದಾರೆ ಗೊತ್ತಾ ನಿಮಗೆ?”

ಗೊತ್ತಿತ್ತು. ಮಾತ್ರೆಗಳ ಎಣಿಕೆ ತಪ್ಪಿತು. ಎಲ್ಲವನ್ನೂ ತಟ್ಟೆಗೆ ಸುರಿದು ಮತ್ತೆ ಒಂದರಿಂದ ಎಣಿಸಿದಳು.

ತಾನೇ ತಿದ್ದಿದರೆ ಜನರ ಮಾತು ನಿಜವಾದಂತೆ, ತಿದ್ದದಿದ್ದರೆ ಮಕ್ಕಳಿಗೆ ಪತ್ರಿಕೆಯಿಲ್ಲ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಶನಿವಾರ ಬೆಳಿಗ್ಗೆಯವರೆಗೂ ಬಿರುಗಾಳಿಯ ಉತ್ತರಕ್ಕೆ ಕಾದಳು. ಬರಲಿಲ್ಲ. ಮಾಲೀಕರ ಮುಂದೆ ತಲೆನೋವೆಂದು ಸುಳ್ಳು ಹೇಳಿ ಮನೆಗೆ ಬಂದು ತಾನೇ ತಿದ್ದಲು ಕೂತಳು.

ಮೈನಸ್ ಸರಿಹೋಗುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಅಣ್ಣ ಪತ್ರಿಕೆಯ ಒಂದೊಂದೇ ಸಾಲು ಮುಟ್ಟಿ ಜೋರಾಗಿ ಓದಿದ, ಅವಳು ಮೂಲ ನೋಡಿ ಹೂಂಗುಟ್ಟಿದಳು. ಹದಿನಾರನೆಯ ಪುಟದಲ್ಲಿ ಒಂದು ಭಿನ್ನರಾಶಿ ಎರಡು ತುಂಡಾಗಿತ್ತು. ಮತ್ತೆ ತಿದ್ದಿದಳು, ಮತ್ತೆ ಮೊದಲ ಪುಟದಿಂದ ಓದಿಸಿದಳು. ಅಣ್ಣನ ಬೆರಳ ತುದಿಗಳು ಕೆಂಪಗಾಗಿದ್ದವು. ಕಡತ ಮುದ್ರಣಾಲಯಕ್ಕೆ ಹೋದಾಗ ಐದಕ್ಕೆ ಹತ್ತು ನಿಮಿಷವಿತ್ತು.

ಆಮೇಲೆ ಅವಳು ಬಿರುಗಾಳಿಯ ಹೆಸರಲ್ಲೇ ಕೆಲಸವನ್ನು ಒಪ್ಪಿ, ಹಣ ಕೊಟ್ಟುಬಿಡಿ ಎಂದು ಟೀಚರಿಗೆ ಬರೆದಳು. ಅಣ್ಣ ಸಿಡಿದೆದ್ದ.

“ತಲೆ ಕೆಟ್ಟಿದೆಯಾ ನಿಂಗೆ? ಬೈಸ್ಕೊಂಡವಳು ನೀನು, ಬೆವರು ಸುರಿಸಿದವಳು ನೀನು!”

“ಮುಕ್ಕಾಲು ಪಾಲು ಅವನದೇ ಕೆಲಸ ಅಣ್ಣ. ನಾನು ದುಡ್ಡು ಮುಟ್ಟಿದ್ರೆ, ನಾಳೆ ಇನ್ನೊಬ್ಬರ ಕೆಲಸ ಬೇಡ ಅಂದಾಗ ನನ್ನ ಮಾತು ಯಾರು ನಂಬ್ತಾರೆ?”

ಹೇಳಿದಷ್ಟು ಸುಲಭವಾಗಿ ಹೊಟ್ಟೆಯ ಉರಿ ಆರಲಿಲ್ಲ.

ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಬಿರುಗಾಳಿ ಹಣ ಪಡೆದು ಬಂದ ದಾರಿಯಲ್ಲೇ ಹೋದ. ಎರಡು ತಿಂಗಳಲ್ಲಿ ಗಣಿತದ ಬಗ್ಗೆ ಹನ್ನೊಂದು ದೂರು ಬಂದವು, ಎಲ್ಲವೂ ಚುಕ್ಕಿಯ ತಲೆಗೇ. ಹನ್ನೊಂದನೆಯದು ಬಂದ ದಿನ ಅವಳು ನೇರವಾಗಿ ಶಾಲೆಗೆ ಹೋದಳು.

“ಈ ಕೆಲಸಾನ ಹೆತ್ತವನಿಗೆ ಬಹುಮಾನ ಕೊಟ್ರಿ ಮೇಡಂ. ಸಾಕೋರು ಯಾರು?”

ಟೀಚರ್ ಕುರ್ಚಿ ಎಳೆದು ಅವಳನ್ನು ಕೂರಿಸಿದರು. “ಆವತ್ತು ನಾನೂ ನಿಮ್ಮನ್ನ ಅನುಮಾನಿಸಿದೆ,” ಎಂದರು.

ಅಲ್ಲೇ ಕೂತು ಇಬ್ಬರೂ ಹೊಸ ಕರಾರು ಬರೆದರು: ಅರ್ಧ ಹಣ ಕೆಲಸ ಮುಗಿದಾಗ, ಉಳಿದರ್ಧ ಒಂದು ವರ್ಷ ದೂರುಗಳನ್ನು ನೋಡಿಕೊಂಡ ಮೇಲೆ. ಓದಿ ಪರೀಕ್ಷಿಸುವವರಿಗೂ ಒಂದು ಪಾಲು. ಮುಂದಿನ ಕೆಲಸ, ನಕ್ಷೆಗಳನ್ನು ಅಚ್ಚು ಮಾಡುವುದನ್ನು, ಆ ಕರಾರಿನಲ್ಲೇ ಸಾರಿದರು. ಮೂರು ತಿಂಗಳು ಒಬ್ಬರೂ ಇತ್ತ ಸುಳಿಯಲಿಲ್ಲ. ನಾಲ್ಕನೆಯ ತಿಂಗಳು ನಿವೃತ್ತ ಭೂಮಾಪಕರೊಬ್ಬರು ಬಂದರು. ಒಂದು ಸಾಲು ಬರೆಯುವ ಮೊದಲೇ ಅವರು ಮೂವತ್ತು ಪ್ರಶ್ನೆ ಕೇಳಿದರು, ಚುಕ್ಕಿ ಊಟದ ವಿರಾಮದಲ್ಲಿ ಒಂದೊಂದಕ್ಕೇ ಉತ್ತರ ಬರೆಯತೊಡಗಿದಳು.