ಅಂಗನವಾಡಿ ಅಳತೆಗೆ ಹದಿನೈದರ ಹುಡುಗಿ

"ತಮ್ಮಾ, ನಮ್ಮ ಭಾಗ್ಯಾ ಹುಡುಗೀನ ಹೌದಲ್ಲೋ?"

ಹಳಿಯಾಳದಿಂದ ಫೋನ್ ಮಾಡಿದ ಅತ್ತೆ ಕೇಳಿದ ಪ್ರಶ್ನೆ ಇದು. ಹದಿನೈದು ವರ್ಷದ ಹಿಂದೆ ಅವಳನ್ನು ಹೆತ್ತವರೇ ಈ ಅತ್ತೆ. (ನಗಬೇಡಿ. ಮೊದಲು ನಾನೂ ನಕ್ಕೆ.)

ಭಾಗ್ಯ ನನ್ನ ಸೋದರಮಾವನ ಮಗಳು. ಕುಸ್ತಿಪಟು. ತೂಕ ಇಳಿಸಿ ಇಳಿಸಿ ಮುಟ್ಟು ನಿಂತಿತ್ತು. ಡಾಕ್ಟರ್ ಹಾರ್ಮೋನ್ ಟೆಸ್ಟ್ ಬರೆದರು. ರಿಪೋರ್ಟಿನಲ್ಲಿ ಟೆಸ್ಟೊಸ್ಟೆರಾನ್ ಎದುರು ದಪ್ಪಕ್ಷರದಲ್ಲಿ "ಹೈ". ಅರ್ಥವಾಗದ ಮಾವ ಅದರ ಫೋಟೋ ತೆಗೆದು, "ಯಾರಿಗರ ತಿಳಿದ್ರ ಹೇಳ್ರಿ" ಎಂದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರು.

ತಿಳಿದವರಿಗೆ ನಮ್ಮಲ್ಲಿ ಬರವೇ? "ಇದು ಗಂಡಸರ ಹಾರ್ಮೋನ್" ಎಂದು ಒಬ್ಬ ಗೂಗಲ್ ಪಂಡಿತ ಬರೆದ. (ಹೆಂಗಸರಲ್ಲೂ ಇರುತ್ತದೆ ಎಂಬ ಸಾಲಿನವರೆಗೆ ಅವನು ಓದಿರಲಿಲ್ಲ.) ಸಂಜೆಯೊಳಗೆ ಸುದ್ದಿ ಓಣಿ ದಾಟಿತ್ತು. ಮಾರನೇ ದಿನ ಗರಡಿಯಲ್ಲಿ ಜೊತೆಯ ಹುಡುಗಿಯ ತಾಯಿ ಎಲ್ಲರೆದುರೇ ಅಂದಳು: "ನಮ್ಮ ಹುಡುಗಿಗೆ ಗಂಡಹುಡುಗನ್ನ ಜೋಡಿ ಹಚ್ಚಬ್ಯಾಡ್ರಿ."

ಭಾಗ್ಯ ಅಂದಿನಿಂದ ಗರಡಿಗೆ ಹೋಗಿಲ್ಲ.

ರಿಪೋರ್ಟ್ ತರಿಸಿ ನೋಡಿದೆ. ನಾರ್ಮಲ್ ರೇಂಜಿಗೆ ಇದ್ದದ್ದು ಒಂದೇ ಸಾಲು: ಹದಿನೆಂಟರೊಳಗಿನ ಮಕ್ಕಳು. ಗಂಡು, ಹೆಣ್ಣು, ಅಂಗನವಾಡಿ, ಹೈಸ್ಕೂಲು, ಎಲ್ಲವೂ ಅದರಲ್ಲೇ! ನಾಲ್ಕರ ಕೂಸಿನ ಅಂಗಿ ಹದಿನೈದರ ಹುಡುಗಿಗೆ ಬಿಗಿಯಾದರೆ ದೋಷ ಅಂಗಿಯದೋ, ಹುಡುಗಿಯದೋ?

ಲ್ಯಾಬಿಗೆ ಫೋನ್ ಹಚ್ಚಿದೆ. "ಟೆಸ್ಟ್ ಕಿಟ್ ಜೋಡಿ ಬಂದ ರೇಂಜನ್ನ ಹಾಕತೇವ್ರಿ ಸರ್. ಎಲ್ಲಾರೂ ಅದನ್ನ ಹಾಕತಾರ."

ಎಲ್ಲರೂ ಮಾಡುತ್ತಾರೆ ಎಂಬುದು ವಾದವಲ್ಲ, ಜಾರಿಕೊಳ್ಳುವ ದಾರಿ. ನಾರ್ಮಲ್ ಎಂಬುದು ಆಕಾಶದಿಂದ ಉದುರುವುದಿಲ್ಲ. ಆರೋಗ್ಯವಂತರನ್ನೇ ಹುಡುಕಿ, ವಯಸ್ಸುವಾರು, ಗಂಡು-ಹೆಣ್ಣು ಬೇರೆಯಾಗಿ ರಕ್ತ ಪರೀಕ್ಷಿಸಿ ಕಟ್ಟಬೇಕಾದ ಲೆಕ್ಕ ಅದು. ನಮ್ಮ ಹುಡುಗಿಯರ ಲೆಕ್ಕ ಯಾರು ಕಟ್ಟಿದ್ದಾರೆ? ಕಟ್ಟಲು ಬಂದರೆ ನಾವಾದರೂ ಬಿಟ್ಟೇವೆಯೇ? (ಜಡ್ಡಿಲ್ಲದ ಮಗಳ ರಕ್ತ ಯಾಕೆ ಎಂದು ನಮ್ಮತ್ತೆಯೇ ಜಗಳಕ್ಕೆ ನಿಂತಾರು.)

ಕೊನೆಗೆ ಧಾರವಾಡದ ಹಾರ್ಮೋನ್ ತಜ್ಞೆಗೆ ತೋರಿಸಿದೆವು. "ಹೆಸರಿಗೆ ಹದಿನೆಂಟರತನಕ ಅಂತ ಐತ್ರಿ, ಅಂಕಿ ಸಣ್ಣ ಮಕ್ಕಳದು. ಈಕಿ ವಯಸ್ಸಿಗೆ ಇಷ್ಟು ಇರೋದ. ಹೊಟ್ಟಿತುಂಬ ಊಟಾ ಕೊಡ್ರಿ ಮೊದಲ" ಎಂದರು. ಅದನ್ನೂ ಗ್ರೂಪಿಗೆ ಹಾಕಿದೆವು. ಒಂದು ಹೆಬ್ಬೆರಳು ಬಂತು. ಅಷ್ಟೇ.

"ಇನ್ನರ ಗರಡಿಗೆ ಕಳಸ್ರಿ ಅತ್ತಿ" ಎಂದೆ.

"ಮಂದಿ ಬಾಯಿಗೆ ಯಾವ ಡಾಕ್ಟರ್ ಚೀಟಿ ಹಚ್ಚಲೋ ತಮ್ಮಾ? ಮೊದಲ ಕೂದಲಾ ಬೆಳೀಲಿ. ಹುಡುಗಿ ಹಂಗ ಕಾಣಲಿ. ಆಮ್ಯಾಲ ನೋಡೂಣು."

ಕುಸ್ತಿಗೆಂದು ಗಿಡ್ಡ ಕತ್ತರಿಸಿದ್ದ ಕೂದಲು ಈಗ ಕಿವಿ ಮುಚ್ಚಿದೆ. ಶಾಲೆಗೆ ಹೋಗುವುದು ಬಿಟ್ಟರೆ ಭಾಗ್ಯ ಹೊರಗೆ ಬರುವುದಿಲ್ಲ.

ಕೂದಲು ಎಷ್ಟುದ್ದ ಬೆಳೆದರೆ ನಾರ್ಮಲ್, ಹೇಳುತ್ತೀರಾ?