ಹ್ಯಾಂಡ್‌ಪೋಸ್ಟಿನ ಮಂಗಳ ಶಾಂತಿ

ವಿಜ್ಞಾನದ ಭಾಷಣಕ್ಕೆ ಜನ ಸೇರುವುದಿಲ್ಲ ಎನ್ನುವುದು ಇಷ್ಟು ವರ್ಷ ಭೌತವಿಜ್ಞಾನ ಪಾಠ ಮಾಡಿ ನಾನು ಕಲಿತ ಗಟ್ಟಿ ಪಾಠ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಹುಣಸೂರಿನಿಂದ ಬಂದು ಬಸ್ಸಿಳಿದು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಸಭಾಭವನದ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ರೇಷ್ಮೆ ಸೀರೆ ಉಟ್ಟು, ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವರ ತೊಡೆಯ ಮೇಲೆ ತಟ್ಟೆಗಳು, ತಟ್ಟೆಯಲ್ಲಿ ಕೆಂಪು ಬಟ್ಟೆ, ತೊಗರಿ, ಹಣ್ಣುಕಾಯಿ. ಭಾಷಣ ಕೇಳಲು ತೊಗರಿ ಯಾರು ತರುತ್ತಾರೆ?

ನಾನೇ ಏರ್ಪಡಿಸಿದ್ದ ಆ ಭಾಷಣ ಯಾರದ್ದು ಎಂದು ಮೊದಲು ಹೇಳಿಬಿಡುತ್ತೇನೆ. ಹಲವು ದೇಶಗಳ ವಿದ್ವಾಂಸರು ಸೇರಿ ಕಟ್ಟಿಕೊಂಡ ಒಂದು ಸಂಘವಿದೆ. ಬಾಹ್ಯಾಕಾಶಕ್ಕೆ ಹೋಗುವವರು ಬಾಂಬು ಬಂದೂಕು ಒಯ್ಯಬಾರದು, ಚಂದ್ರನಿಗೋ ಮಂಗಳನಿಗೋ ಬೇಲಿ ಹಾಕಿ ನಮ್ಮದು ಎನ್ನಬಾರದು, ಅಲ್ಲಿ ಕಲಿತದ್ದನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂದು ಪಟ್ಟು ಹಿಡಿದವರ ಸಂಘ. ಗೇಣು ಬದುವಿಗೆ ಅಣ್ಣತಮ್ಮಂದಿರು ಕೋರ್ಟು ಅಲೆಯುವ ನಮ್ಮ ಕಡೆ ಈ ಮಾತು ಚೆನ್ನಾಗಿ ಹಿಡಿಸುತ್ತದೆ ಎಂದುಕೊಂಡಿದ್ದೆ. ಸಂಘದ ಸದಸ್ಯರೊಬ್ಬರು ನಿವೃತ್ತರಾಗಿ ಮೈಸೂರಿನಲ್ಲಿದ್ದರು. ಬಿಳಿ ತಲೆ, ಬಿಳಿ ಗಡ್ಡ, ಮೆತ್ತಗಿನ ದನಿ. ಕರೆದ ಕೂಡಲೇ ಬರುತ್ತೇನೆ ಎಂದರು.

ಫ್ಲೆಕ್ಸ್ ಬರೆದುಕೊಟ್ಟವಳು ನಾನೇ. ‘ಮಂಗಳ ಗ್ರಹ: ಶಾಂತಿಯುತ ಅನ್ವೇಷಣೆ. ಅಂತರರಾಷ್ಟ್ರೀಯ ವಿದ್ವತ್ ಸಂಘದ ವಿದ್ವಾಂಸರಿಂದ.’ ಅದನ್ನು ಮಾಡಿಕೊಟ್ಟವರು ಹುಣಸೂರಿನ ಸಾಬರು, ನಮ್ಮ ಕಾಲೇಜಿನ ಫ್ಲೆಕ್ಸುಗಳೆಲ್ಲ ಅವರ ಅಂಗಡಿಯವೇ. ಈಗ ತಲೆಯೆತ್ತಿ ನೋಡುತ್ತೇನೆ, ವೇದಿಕೆಯ ಮೇಲೆ ಆನೆಗಾತ್ರದ ಅಕ್ಷರಗಳಲ್ಲಿ ಒಂದೇ ಸಾಲು: ‘ಮಂಗಳ ಗ್ರಹ ಶಾಂತಿ’. ‘ಯುತ ಅನ್ವೇಷಣೆ’ ಕೆಳಗಿನ ಸಾಲಿಗೆ ಇಳಿದು ಇರುವೆಯಂತಾಗಿತ್ತು. ಅದರ ಮೇಲೆ ಯಾರೋ ಭಕ್ತಿಯಿಂದ ಚೆಂಡುಹೂವಿನ ಹಾರ ಬೇರೆ ಬಿಟ್ಟಿದ್ದರು. ‘ವಿದ್ವಾಂಸರಿಂದ’ ಮಾತ್ರ ಎದ್ದು ಕಾಣುತ್ತಿತ್ತು.

ಸಾಬರಿಗೆ ಫೋನ್ ಮಾಡಿದೆ. "ದಪ್ಪ ಅಕ್ಷರ ಬೇಕು ಅಂದಿದ್ರಲ್ಲ ಮೇಡಂ. ದಪ್ಪ ಮಾಡುದ್ರೆ ಲೈನಿಗೆ ಹಿಡೀಲಿಲ್ಲ. ಮಿಕ್ಕಿದ್ದನ್ನ ಕೆಳಗೆ ಇಟ್ಟೆ. ಒಂದಕ್ಷರನೂ ಬಿಟ್ಟಿಲ್ಲ ಕಣ್ರೀ" ಎಂದರು. ನಿಜ, ಒಂದಕ್ಷರವೂ ಬಿಟ್ಟಿರಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಜಾತಕದಲ್ಲಿ ಕುಜ ದೋಷವಿದೆ ಎಂದು ಮದುವೆ ನಿಂತ ಹೆಣ್ಣುಮಕ್ಕಳ ತಾಯಂದಿರೆಲ್ಲ ಸುತ್ತಲ ಹಳ್ಳಿಗಳಿಂದ ಕುಜನಿಗೆ, ಅಂದರೆ ಮಂಗಳನಿಗೆ, ಸಲ್ಲುವ ತೊಗರಿ, ಕೆಂಪು ಬಟ್ಟೆ ಹಿಡಿದು ಗ್ರಹಶಾಂತಿ ಮಾಡಿಸಲು ಬಂದು ಕೂತಿದ್ದರು.

ಮೈಕು ಹಿಡಿದು ಎಲ್ಲರನ್ನೂ ಮನೆಗೆ ಕಳಿಸಿಬಿಡೋಣ ಎಂದು ಮುಂದೆ ನುಗ್ಗಿದೆ. ಎರಡನೇ ಸಾಲಿನಲ್ಲಿ ಕಂಡ ಮುಖ ನೋಡಿ ಕಾಲು ಕಿತ್ತಿಡಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು, ಹಂಪಾಪುರದ ಕಡೆಯವಳು. ಗ್ರಹಗಳ ಕಕ್ಷೆಯ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದವಳು. ಅವಳ ತೊಡೆಯ ಮೇಲೂ ಒಂದು ತಟ್ಟೆಯಿತ್ತು.

"ನೀನೂನಾ?" ಎಂದೆ. ಅವಳು ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಅವಳ ತಾಯಿ, ಹಣೆ ಬೋಳಾಗಿದ್ದ ಹೆಂಗಸು, ನನ್ನ ಕೈ ಹಿಡಿದು ಗೋಡೆಯ ಬಳಿ ಕರೆದೊಯ್ದರು.

"ಬೈಬ್ಯಾಡಿ ಮೇಡಮ್ನೋರೆ. ಉಡ್ಗ ಒಪ್ಪವ್ನೆ, ಇವ್ಳೂ ಒಪ್ಪವ್ಳೆ. ಉಡ್ಗುನ್ ದೊಡ್ಡಪ್ಪ ಒಬ್ರು ಒಪ್ತಾ ಇಲ್ಲ. ದೋಸ ಇರೋಳ್ನ ಕಟ್ಕಂಡ್ರೆ ಗಂಡ ಉಳಿಯಲ್ವಂತೆ, ಮೊದ್ಲು ಬಾಳೆಗಿಡುಕ್ಕೆ ಮದ್ವೆ ಮಾಡಿ, ಗಿಡ ಕಡ್ದು, ಬಳೆ ಒಡ್ದು, ಆಮ್ಯಾಕೆ ನಮ್ಮುಡುಗುನ್ಗೆ ಕೊಡಿ ಅಂತಾರೆ. ಬಾಳೆಕಂದೂ ತಂದು ಮಡಗವ್ರೆ."

ಹಿಡಿದ ಕೈ ಬಿಡದೆ ಮುಂದುವರಿಸಿದರು. "ನಾನು ಮುಂಡೆ ಆಗಿರೋದು ಸಾಕು ಕಣವ್ವ. ನನ್ ಮಗ್ಳು ಬಾಳೆಗಿಡುಕ್ಕೂ ಮುಂಡೆ ಆಗ್ಬಾರ್ದು. ದೊಡ್ ವಿದ್ವಾಂಸ್ರು ಬತ್ತಾರೆ, ಶಾಂತಿ ಮಾಡ್ತಾರೆ ಅಂತ ಇವ್ಳೇ ಯೋಳುದ್ಲು. ಅವ್ರುನ್ನೂ ಕರ್ಕಂಡೇ ಬಂದಿವ್ನಿ."

ಅವರು ತೋರಿಸಿದ ಕಡೆ ನೋಡಿದೆ. ಪಿರಿಯಾಪಟ್ಟಣದಿಂದ ಬಂದಿದ್ದ ಆ ದೊಡ್ಡಪ್ಪ ಮೊದಲ ಸಾಲಿನಲ್ಲಿ ಗರಿಗರಿ ಪಂಚೆಯುಟ್ಟು, ಕೈಕಟ್ಟಿಕೊಂಡು ಕೂತಿದ್ದರು. ಈಗ ನಾನು ಇದು ಶಾಂತಿಯಲ್ಲ, ವಿಜ್ಞಾನ ಎಂದರೆ ನಾಳೆಯೇ ಬಾಳೆಗಿಡಕ್ಕೆ ತಾಳಿ. ಮೈಕಿನ ಆಸೆ ಬಿಟ್ಟೆ. ಅಷ್ಟರಲ್ಲಿ ಮೈಸೂರಿನಿಂದ ಭಾಷಣಕಾರರ ಕಾರು ಬಂತು. ಹಿರಿಯರನ್ನು ಇಳಿಸಿಕೊಂಡು ಮೆಟ್ಟಿಲ ಮೇಲೇ ಎಲ್ಲವನ್ನೂ ಹೇಳಿದೆ. ಅವರು ಒಂದು ಗಳಿಗೆ ಗಡ್ಡ ನೀವಿಕೊಂಡು, "ನಾನು ಸುಳ್ಳು ಹೇಳುವವನಲ್ಲ. ನೋಡೋಣ ಬನ್ನಿ" ಎಂದರು.

ಭಾಷಣ ಸಲೀಸಾಗಿ ನಡೆಯಿತು. ಪರದೆಯ ಮೇಲೆ ಕೆಂಪು ಮಂಗಳ ಮೂಡಿದಾಗ ಮುಂದಿನ ಸಾಲುಗಳು ಕೈ ಮುಗಿದವು. ಸ್ಲೈಡಿಗೆ ಕೈ ಮುಗಿದದ್ದನ್ನು ನನ್ನ ಜೀವನದಲ್ಲಿ ನೋಡಿದ್ದು ಅದೇ ಮೊದಲು. ನಗು ಬರಬೇಕಿತ್ತು, ಬರಲಿಲ್ಲ. ಕೊನೆಯಲ್ಲಿ ದೊಡ್ಡಪ್ಪ ಎದ್ದು ನಿಂತರು.

"ಸ್ವಾಮಿ, ನೀವು ಯೋಳಿದ್ದೆಲ್ಲ ಸರಿ. ಮಂಗಳ ಶಾಂತಿ ಆಯ್ತಾ, ಇಲ್ವಾ? ಅಷ್ಟು ಯೋಳ್ಬುಡಿ. ನಮ್ಮುಡುಗುನ್ ಪ್ರಾಣದ್ ಮಾತು."

ಹಿರಿಯರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಮಂಗಳ ಶಾಂತವಾಗಿಯೇ ಇದೆ. ಅದು ಹಾಗೇ ಇರುವಂತೆ ನೋಡಿಕೊಳ್ಳುವುದೇ ನಮ್ಮ ಸಂಘದ ಕೆಲಸ" ಎಂದರು.

ದೊಡ್ಡಪ್ಪ ಹೆಗಲ ವಲ್ಲಿ ತೆಗೆದು ನಡು ಬಗ್ಗಿಸಿದರು. "ಅಲ್ಲಿಗಾಯ್ತು ಬುಡಿ. ಬಾಳೆಕಂದು ಬ್ಯಾಡ" ಎಂದರು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಹಾವೂ ಸತ್ತು ಕೋಲೂ ಉಳಿದಿತ್ತು ಎಂದುಕೊಂಡೆ. ವೇದಿಕೆಯಿಂದ ಇಳಿಯುತ್ತಾ ಹಿರಿಯರು ನನ್ನ ಕಡೆ ನೋಡಿ, "ಒಂದಾದರೂ ಸುಳ್ಳಾಡಿದೆನೇ?" ಎಂದು ನಕ್ಕರು. ಅವರ ಕಾಲಿಗೆ ಬೀಳುವುದೊಂದು ಬಾಕಿ.

ಜನ ಅವರ ಮುಂದೆ ತೊಗರಿ ಸುರಿಯುತ್ತಿದ್ದಾಗ ಆ ಹುಡುಗಿಯನ್ನು ಹುಡುಕಿದೆ. ಭವನದ ಹಿಂದೆ ನಲ್ಲಿಯ ಬಳಿ ಒಬ್ಬಳೇ ನಿಂತಿದ್ದಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು ಬೆನ್ನು ಸವರಿದೆ. "ಗೆದ್ದೆಯಲ್ಲೇ" ಎಂದೆ.

"ಏನ್ ಗೆದ್ದೆ ಮಿಸ್?" ಎಂದಳು. ಅವಳ ಕಣ್ಣಲ್ಲಿ ನೀರೇ ಇರಲಿಲ್ಲ. "ನಾನು ಫ್ಲೆಕ್ಸ್ ಪೂರ್ತಿ ಓದಿದ್ದೆ. ಇದು ಶಾಂತಿಯಲ್ಲ ಅಂತ ಗೊತ್ತಿತ್ತು. ಭಾಷಣ ಅಂತ ಮನೇಲಿ ಯೋಳುದ್ರೆ ಯಾರೂ ಬತ್ತಿರ್ಲಿಲ್ಲ, ಅದುಕ್ಕೇ ಶಾಂತಿ ಅಂತ್ಲೇ ಯೋಳಿ ಕರ್ಕಂಡು ಬಂದೆ. ನಾನ್ ಯೋಳುದ್ರೆ ಕೇಳಲ್ಲ. ಅಷ್ಟು ದೇಶದ ವಿದ್ವಾಂಸ್ರು, ನೀವು, ದೊಡ್ಡಪ್ಪನ ಎದ್ರಿಗೆ ದೋಷ ಅನ್ನೋದೇ ಇಲ್ಲ ಅಂತೀರಿ ಅಂದ್ಕಂಡಿದ್ದೆ."

ಅವಳ ಬೆನ್ನ ಮೇಲಿದ್ದ ಕೈ ತೆಗೆದೆ. ಒಳಗಿನಿಂದ ಮಂಗಳಾರತಿಯ ಗಂಟೆ ಕೇಳಿಸುತ್ತಿತ್ತು. ಯಾರೋ ಪರದೆಗೆ ಆರತಿ ಎತ್ತುತ್ತಿದ್ದರು.

"ಈಗ ದೋಷ ಇತ್ತು ಅಂತ ಎಲ್ರಿಗೂ ಗಟ್ಟಿ ಆಯ್ತು ಮಿಸ್. ನಾಳೆ ಅವ್ನಿಗೊಂದು ಜ್ವರ ಬಂದ್ರೂ, ಶಾಂತಿ ಸರಿಯಾಗಿ ಆಗಿಲ್ಲ ಅಂತ ನನ್ನೇ ನೋಡ್ತಾರೆ."