ಹೂಜಿಯ ಕಂಠದ ಸಾಲು

ಛತ್ರಪತಿ ಸಂಭಾಜಿನಗರದಲ್ಲಿ ಬೀಬಿ ಕಾ ಮಕ್ಬರಾಕ್ಕೆ ಹೋಗುವ ದಾರಿಯಲ್ಲಿ ಬೀದರಿನ ಬಕ್ಕಪ್ಪನ ಬಿದ್ರಿ ಅಂಗಡಿಯಿದೆ. ಲೋಹದ ಹೂಜಿಯ ಮೈ ಕೊರೆದು ಬೆಳ್ಳಿ ತಂತಿ ಕೂರಿಸುವುದು ಅವನ ಕಸುಬು. ಆಮೇಲೆ ಮೈಗೆ ಕಪ್ಪು ಏರಿಸಲು ಬೀದರ್ ಕೋಟೆಯ ಮಣ್ಣೇ ಆಗಬೇಕು. ಊರಿನಿಂದ ಅವನಿಗೆ ಈಗ ಬರುವುದು ಆ ಮಣ್ಣೊಂದೇ. ಹೆಂಡತಿ ತೀರಿಕೊಂಡ ಮೇಲೆ ಕನ್ನಡದಲ್ಲಿ ಮಾತಾಡಲು ಯಾರೂ ಉಳಿದಿಲ್ಲ.

ಪತ್ರಿಕೆಯಲ್ಲಿ ಅವನು ಮೊದಲು ಓದುವುದು ಪರದೇಶದ ಸುದ್ದಿ. ಎಲ್ಲೋ ಬಾಂಬು ಬಿದ್ದರೆ ಇಲ್ಲಿಗೆ ಪ್ರವಾಸಿಗರು ಬರುವುದಿಲ್ಲ. ಬಾಂಬು ಹಾಕುವ ದೊರೆಗಳಿಗೆ ಇವನ ಅಂಗಡಿಯ ಗೊಡವೆ ಯಾಕೆ? ಅವರನ್ನು ಬೈಯಲೂ ಜೊತೆಯಿಲ್ಲದೆ ಅವನು ಪದ್ಯ ಕಟ್ಟುತ್ತಾನೆ. ಈ ಸಲ ಹೂಜಿಯ ಕಂಠದ ಸುತ್ತ ಬೆಳ್ಳಿಯಲ್ಲಿ ಕೂರಿಸಿದ್ದ ಸಾಲು ಇದು: "ದೂರದ ಯುದ್ಧವೇ, ನನ್ನ ಹೊಸ್ತಿಲನ್ನೂ ಬರಿದು ಮಾಡಿದೆಯಾ?"

ಗಿರಾಕಿಗಳು ಅದೇನೆಂದು ಕೇಳಿದರೆ ಒಂದೇ ಉತ್ತರ, "ಫೂಲ್‌ಪತ್ತಿ ಹೈ." ಹೂವು, ಎಲೆ ಅಂದರೆ ಎಲ್ಲರಿಗೂ ಸಾಕು.

ಮೊನ್ನೆ ನಾಸಿಕದ ಹುಡುಗಿಯೊಬ್ಬಳು ಆ ಹೂಜಿಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಅಕ್ಷರ ಕೂಡಿಸಿದಳು. "ದೂ... ರ... ದ..." ಆಮೇಲೆ ತಲೆಯೆತ್ತಿದಳು. "ಅಂಕಲ್, ಇದು ಕನ್ನಡ ಅದ ಏನ್ರಿ? ನಮ್ಮ ಅಜ್ಜಿ ಸ್ವಲ್ಪ ಕಲಿಸಿದ್ರು."

ಎಷ್ಟೋ ವರ್ಷ ಕಾದಿದ್ದ ಪ್ರಶ್ನೆ. ಆದರೆ ಬಕ್ಕಪ್ಪನ ನಾಲಿಗೆ ರೂಢಿ ಬಿಡಲಿಲ್ಲ. "ನಹೀಂ ಬೇಟಿ, ಫೂಲ್‌ಪತ್ತಿ ಹೈ."

"ಸಾರಿ, ನನಗೇ ಓದಲಿಕ್ಕೆ ಬರಲ್ಲ," ಎಂದು ಅವಳು ನಾಚಿ, ಹೂಜಿಯನ್ನು ಅಲ್ಲೇ ಇಟ್ಟು ಹೊರಟಳು.

"ಕನ್ನಡನೇ ಅದವ್ವಾ, ಕನ್ನಡನೇ ಅದ," ಎಂದು ಬಕ್ಕಪ್ಪ ಬಾಯಿಬಿಟ್ಟಾಗ ಹೊಸ್ತಿಲ ಮೇಲೆ ಬಿಸಿಲು ಮಾತ್ರ ಇತ್ತು.